ಹೊಗೆಗೂಡಿನ ಮಸಿ

ಡೆಸ್ಮಂಡ್ ಪಾರ್ಜೆಟರ್ ಆ ಬೆಳಿಗ್ಗೆ ಚಹಾ ಕುಡಿದು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಭೂತಗನ್ನಡಿ ಕೈಗೆತ್ತಿಕೊಂಡ.

ಮಾರ್ಸ್‌ಕೋಂಬ್ ಕಡಲದಂಡೆಯ ಸಭಾಭವನಕ್ಕೆ ಅವನು ಕಾವಲುಗಾರ. ಮೂವತ್ತೊಂದು ವರ್ಷದಿಂದ ಅದರ ಮೇಲಂತಸ್ತಿನ ಎರಡು ಕೋಣೆಯೇ ಅವನ ಮನೆ. ಹೆಂಡತಿ ಹಿಲ್ಡಾ ಕಣ್ಣುಮುಚ್ಚಿದ್ದೂ ಅಲ್ಲೇ. ಈಗ ಪುರಸಭೆ ಭವನವನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಲು ಹೊರಟಿತ್ತು. ಕಟ್ಟಡ 1900ಕ್ಕಿಂತ ಹಿಂದಿನದೆಂದು ತೋರಿಸಿದರೆ ಉಳಿಸಬಹುದು ಎಂದಿದ್ದಳು ಪಾರಂಪರಿಕ ಕಟ್ಟಡಗಳ ಅಧಿಕಾರಿಣಿ ಮಿಸ್ ರಡ್. ಹನ್ನೊಂದಕ್ಕೆ ಅವಳು ಬರುವವಳಿದ್ದಳು.

ತೋರಿಸಲು ಒಂದು ಫೋಟೋ ಸಿಕ್ಕಿತ್ತು. ಪಕ್ಕದ ಕರಿದ ಮೀನು-ಚಿಪ್ಸ್ ಅಂಗಡಿಯ ಆಲಿವ್ ಟ್ರಾಂಟರ್‌ಳ ಅಟ್ಟದಲ್ಲಿದ್ದದ್ದು. ಹಿಂಬದಿಯಲ್ಲಿ ‘ಭವನದ ಕೆಲಸ, ಡಿಸೆಂಬರ್ 1899’. ಇವೇ ಕಮಾನುಗಳು, ಸುತ್ತ ಸಾರುವೆ ಮರಗಳು, ಹೆಂಚಿಲ್ಲದ ಜಂತಿಗಳ ಮೇಲೆ ಸುತ್ತಿಗೆ ಎತ್ತಿದ ಕೆಲಸಗಾರರು.

ಗಾಜಿನಡಿಯಲ್ಲಿ ಹೊಗೆಗೂಡು ದೊಡ್ಡದಾಗಿ ಕಂಡಿತು. ಅದರ ಬಾಯಿಯಿಂದ ಅರ್ಧದವರೆಗೆ ಮಸಿ ಇಳಿದಿತ್ತು. ಸೂರೇ ಇಲ್ಲದ ಕಟ್ಟಡದಲ್ಲಿ ಬೆಂಕಿ ಹಾಕಿದವರು ಯಾರು? ಡೆಸ್ಮಂಡನ ಚಹಾ ಆರಿತು. ಅವರು ಹೆಂಚು ಹೊದಿಸುತ್ತಿರಲಿಲ್ಲ, ಕೀಳುತ್ತಿದ್ದರು. ಫೋಟೋದಲ್ಲಿದ್ದದ್ದು ಯಾವುದೋ ಹಳೆಯ ಭವನದ ಅಂತ್ಯಕಾಲ. ಈಗಿನದು ಆಮೇಲೆ, 1900 ದಾಟಿದ ಮೇಲೆ, ಅದೇ ಅಚ್ಚಿನಲ್ಲಿ ಎದ್ದದ್ದು.

ಓಡಿಹೋಗಿ ಆಲಿವ್‌ಗೆ ಹೇಳಹೊರಟ. ಅವಳು ಆಗಲೇ ಫೋಟೋದ ಹಿಗ್ಗಿಸಿದ ಪ್ರತಿಯನ್ನು ಅಂಗಡಿಯ ಕಿಟಕಿಗೆ ಅಂಟಿಸಿ, ಜಂತಿಯ ಮೇಲಿದ್ದವನಿಗೆ ಕೆಂಪು ಸುತ್ತು ಹಾಕಿದ್ದಳು.

“ನಮ್ಮ ಮುತ್ತಜ್ಜ. ಆ ಕಿವಿ ನೋಡು, ಥೇಟ್ ನಂದೇ. ಅವನು ಕಟ್ಟಿದ ಭವನ ಕಣೋ ಇದು.”

“ಆಲಿವ್, ಆ ಹೊಗೆಗೂಡು ಕಪ್ಪಗಿದೆ.”

“ಹಳೇ ಫೋಟೋದಲ್ಲಿ ಎಲ್ಲಾ ಕಪ್ಪಗೇ ಇರೋದು. ಬಾಯಿ ಮುಚ್ಕೊಂಡು ಚಿಪ್ಸ್ ತಿನ್ನು.”

ಅಷ್ಟರಲ್ಲಿ ಊರಿನ ಇತಿಹಾಸ ಸಂಘದ ಕ್ಲೈವ್ ಬಂದು, ಇದು ಭವನ ಕಟ್ಟುವಾಗಿನ ಚಿತ್ರವೇ ಎಂಬ ಹೇಳಿಕೆಯನ್ನು ಮುಂದಿಟ್ಟ. ಹೆಚ್ಚು ಕಾಲ ಭವನದಲ್ಲಿದ್ದವನು ನೀನೇ, ರುಜು ನೀನೇ ಹಾಕಬೇಕು ಎಂದ. ಚಿಪ್ಸ್‌ನ ವಿನೆಗರ್ ಮೆತ್ತಿದ ಕೈಯಲ್ಲೇ ಡೆಸ್ಮಂಡ್ ರುಜು ಹಾಕಿದ. ಹಿಲ್ಡಾಳ ಜೆರೇನಿಯಂ ಹೂಕುಂಡಗಳು ಇನ್ನೂ ಮೇಲಿನ ಕಿಟಕಿಯಲ್ಲಿದ್ದವು.

ಮಿಸ್ ರಡ್ ಬಂದಾಗ ಫೋಟೋ ಹಿಡಿದು ನಿಂತವನೂ ಅವನೇ. ಎಡ ಹೆಬ್ಬೆರಳು ಹೊಗೆಗೂಡಿನ ಮೇಲೆ ಜಿಗಣೆಯಂತೆ ಕೂತಿತ್ತು.

“ಸ್ವಲ್ಪ ಬೆರಳು ತೆಗೀತೀರಾ, ಮಿಸ್ಟರ್ ಪಾರ್ಜೆಟರ್?”

ತೆಗೆದ. ಬಲ ಹೆಬ್ಬೆರಳನ್ನು ಇಟ್ಟ. ಅವಳು ಅವನ ಮುಖವನ್ನೊಮ್ಮೆ ನೋಡಿ, ಕಮಾನುಗಳನ್ನು ಎಣಿಸಿ, ತಲೆಯಾಡಿಸಿದಳು. ಭವನ ಉಳಿಯಿತು. ಆಲಿವ್ ಅತ್ತಳು. ಕ್ಲೈವ್ ಮೊದಲೇ ಮಾಡಿಸಿಟ್ಟಿದ್ದ ಹಿತ್ತಾಳೆ ಫಲಕವನ್ನು ಚೀಲದಿಂದ ಹೊರತೆಗೆದ.

“ಒಂದೇ ವಿಷಯ,” ಎಂದಳು ಮಿಸ್ ರಡ್. “ಇದ್ರಲ್ಲಿ ಜಂತಿ ನೇರ ಸಭಾಂಗಣದ ಮೇಲೇ ಇದೆ. ಮೇಲಂತಸ್ತು ಆಮೇಲೆ ಯಾರೋ ಸೇರಿಸಿದ್ದು. ಮೂಲದ ಹಾಗೆ ಮಾಡ್ಬೇಕಲ್ಲ, ಅದನ್ನ ತೆಗೆಸ್ತೀವಿ. ಅಲ್ಲಿ ಯಾರೂ ಇಲ್ಲ ತಾನೆ?”

ಡೆಸ್ಮಂಡ್ ಬಾಯಿ ತೆರೆದ. ಮಸಿ ತೋರಿಸಿದರೆ ಭವನವೇ ಹೋಗುತ್ತದೆ; ತೋರಿಸದಿದ್ದರೆ ಅವನ ಮನೆ ಮಾತ್ರ.

“ಇದು ಕಟ್ಟುವಾಗಿನ ಫೋಟೋ ಅಂತ ನೀವೇ ರುಜು ಹಾಕಿದ್ದೀರಲ್ವಾ?” ಎಂದು ಅವಳು ನೆನಪಿಸಿದಳು.

“ಹೌದು,” ಎಂದ. ಹೆಬ್ಬೆರಳು ಇನ್ನೂ ಅಲ್ಲೇ ಇತ್ತು.