ಪಕ್ಕದ ಮನೆಗೆ ಕೇಳಿಸಿದ ಹಾಡು

ನನಗೆ ಹಾಡಲು ಬರುತ್ತದೆ ಎಂಬುದರಲ್ಲಿ ನನಗೆ ಎಂದೂ ಅನುಮಾನವಿರಲಿಲ್ಲ. ಅನುಮಾನವೆಲ್ಲ ಕೇಳುವವರದು! ಹರಿಹರದಲ್ಲಿ ಭಾವಮೈದುನನ ಬಡಾವಣೆಯವರು ಸಂಗೀತ ಸಂಜೆ ಇಟ್ಟುಕೊಂಡಾಗ, "ಭಾವ, ನೀವೂ ಒಂದ್ ಹಾಡ್ರಿ" ಎಂದ ಅವನು. ಬಾಯಿಮಾತಿಗೆ ಅಂದದ್ದು. ನಾನು ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟೆ.

ಭಾವಗೀತೆಯನ್ನು ಯಾರು ಬೇಕಾದರೂ ಹಾಡುತ್ತಾರೆ. ನಿವೃತ್ತ ಇಂಗ್ಲಿಷ್ ಮೇಷ್ಟ್ರಾದ ನಾನು ಆರಿಸಿದ್ದು ಅಮೆರಿಕದ ಕಪ್ಪು ಜನರ 'ಸೋಲ್' ಎಂಬ ಶೈಲಿಯ ಹಳೆಯ ಹಾಡು. ಎದೆ ಬಿರಿಯುವಂತೆ ಹಾಡಬೇಕು. ಅದರಲ್ಲಿ ಸಮಾಜಕ್ಕೊಂದು ಬುದ್ಧಿಮಾತೂ ಇತ್ತು: ನೆರೆಮನೆಯ ನೋವೂ ನಿನ್ನದೇ, ಹೋಗಿ ಬಾಗಿಲು ತಟ್ಟು. ಎಂಥ ಮಾತು! ಆನೆಕೊಂಡದ ನಮ್ಮ ಮನೆಯಲ್ಲಿ ಬೆಳಿಗ್ಗೆ ಸಂಜೆ ಸ್ಪೀಕರ್ ಹಚ್ಚಿ ಅಭ್ಯಾಸ ನಡೆಯಿತು. ಪಕ್ಕದ ಮಂಡಕ್ಕಿ ಭಟ್ಟಿ ವೀರಣ್ಣನ ಮನೆಯವರು ಕಿಟಕಿ ಮುಚ್ಚಿಕೊಂಡರು. ಸೊಳ್ಳೆ ಕಾಟವಿರಬೇಕು ಎಂದುಕೊಂಡೆ.

"ವೀರಣ್ಣರ ಅವ್ವಗೆ ಭಾಳ ಹುಷಾರಿಲ್ಲಂತೆ, ನಿಮ್ಮನ್ನ ಕೇಳ್ತಾಳಂತೆ. ಹೋಗಿ ಮಾತಾಡ್ಸಿ ಬರ್ರಿ" ಎಂದಳು ಹೆಂಡತಿ ಶಾರದಾ.

ನನಗೆ ಜ್ವರ ಬಂದಾಗಲೆಲ್ಲ ಗಂಜಿ ಕಾಸಿ ತಂದವಳು ಆ ಸಿದ್ದವ್ವಜ್ಜಿ. ಹೋಗಲೇಬೇಕಿತ್ತು.

"ಹಾಡು ಒಂದು ಹದಕ್ಕೆ ಬರ್ಲಿ ತಡಿ."

"ಅಲ್ಲೀವರೆಗೂ ಅಜ್ಜಿ ಕಾಯ್ಬೇಕಲ್ರೀ!"

ಕಾರ್ಯಕ್ರಮದ ದಿನ ಶಾರದಾ ಬೆಳಿಗ್ಗೆಯೇ ಹರಿಹರಕ್ಕೆ ಹೋದಳು. ಮಧ್ಯಾಹ್ನ ಮಾಳಿಗೆಯ ಮೇಲೆ ಕೊನೆಯ ಅಭ್ಯಾಸ, ಬಂದು ಕೇಳಿ ಎಂದು ಓಣಿಗೆಲ್ಲ ಹೇಳಿದ್ದೆ. ಬೆಳಗಿನಿಂದ ಬಾಗಿಲು ಹಾಕಿಕೊಂಡು ಹಾಡು ಬಾಯಿಪಾಠ ಮಾಡುತ್ತಿದ್ದವನು ಫೋನಿನ ಬಾಯಿ ಮುಚ್ಚಿಸಿ, ಮೈಕು ಹಿಡಿದು ಹತ್ತಿ ನೋಡಿದರೆ ಕೆಳಗೆ ಓಣಿಯಲ್ಲಿ ಶಾಮಿಯಾನ! ಕುರ್ಚಿ! ಜನ! ಇಷ್ಟೊಂದು ಅಭಿಮಾನವೇ?

ಹಾಡಿದೆ. ಎಲ್ಲರೂ ತಲೆ ತಗ್ಗಿಸಿ ಕೇಳಿದರು. ಒಬ್ಬ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಿರಿಯರೊಬ್ಬರು ಕೈ ಎತ್ತಿ ಏನೋ ಸನ್ನೆ ಮಾಡಿದರು. ಇನ್ನೂ ಏರಿಸು ಎಂದಿರಬೇಕೆಂದು ದನಿ ಏರಿಸಿದೆ.

ಹಾಡು ಮುಗಿಯಿತು. ಒಂದು ಚಪ್ಪಾಳೆಯೂ ಇಲ್ಲ. ಫೋನು ನೋಡಿದರೆ ಶಾರದಾ ಕರೆಯುತ್ತಲೇ ಇದ್ದಳು.

"ಸಿದ್ದವ್ವಜ್ಜಿ ಹೋಗ್ಬಿಟ್ಳಂತಲ್ರೀ! ನಾನು ಬಸ್ ಹತ್ತೀನಿ. ನೀವೆಲ್ಲಿದೀರಿ?"

"ಮಾಳಿಗೆ ಮ್ಯಾಲೆ."

"ಅಲ್ಲೇನ್ ಮಾಡ್ತೀರಿ?"

ಮೈಕು ಅಲ್ಲೇ ಬಿಟ್ಟು ಕೆಳಗಿಳಿದೆ. ವೀರಣ್ಣ ನನ್ನ ಕೈ ಹಿಡಿದುಕೊಂಡ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಭಜನಿಯವ್ರು ಬರಾದು ತಡ ಆತು. ನೀವಾದ್ರೂ ಹಾಡಿದ್ರಲ್ಲ, ಮೇಷ್ಟ್ರೇ. ಅದೇನರ್ಥ ಆ ಹಾಡಿಂದು?"

"ನೆರೆಮನೆಯ ನೋವೂ ನಮ್ಮದೇ... ಹೋಗಿ ಬಾಗಿಲು ತಟ್ಟು ಅಂತ" ಎಂದೆ.

ವೀರಣ್ಣ ತನ್ನ ಮನೆಯ ಬಾಗಿಲ ಕಡೆ ನೋಡಿದ. "ಅವ್ವ ದಿನಾ ಅಂತಿದ್ಲು, ತಲಿ ಸಿಡಿತೈತಿ, ಕಿಟಕಿ ಹಾಕು. ಬಾಗ್ಲು ಮಾತ್ರ ಹಾಕ್ಬ್ಯಾಡ, ಹಾಡು ಮುಗುದ್ಮ್ಯಾಲೆ ಮೇಷ್ಟ್ರು ಬರ್ತಾರೆ ಅಂತ."

ಆ ತೆರೆದ ಬಾಗಿಲಿನಿಂದಲೇ ಒಳಗೆ ಹೋದೆ. ವಿಭೂತಿ ಹಚ್ಚಿ ಕೂರಿಸಿದ್ದ ಅಜ್ಜಿಯ ಮುಂದೆ ನನ್ನ ಬಾಯಿಂದ ಒಂದು ಸ್ವರವೂ ಹೊರಡಲಿಲ್ಲ.

ಹರಿಹರದ ಸಂಗೀತ ಸಂಜೆ ನಾನಿಲ್ಲದೆ ಬಹಳ ಚೆನ್ನಾಗಿ ನಡೆಯಿತಂತೆ.