ಬೋಗುಣಿಯ ಕೆಳಗಿನ ಚಕ್ರ

ನಮ್ಮತ್ತೆ ಮುದ್ದಮ್ಮನವರಿಗೆ ಕಣ್ಣು ಕಾಣುವುದಿಲ್ಲ ಎಂಬ ಗುಟ್ಟು ಹದಿನಾರು ಎಂಬ ನಮ್ಮೂರಿನಲ್ಲಿ ಗೊತ್ತಿದ್ದದ್ದು ನನಗೆ ಮತ್ತು ನನ್ನ ಡೈರಿಗೆ ಮಾತ್ರ. (ಡೈರಿ ೧೯೯೮ರದು. ಯಜಮಾನರು ಕೆಲಸ ಮಾಡುವ ನರಸೀಪುರದ ಗೊಬ್ಬರದಂಗಡಿಯವರು ಪುಕ್ಕಟೆ ಕೊಟ್ಟಿದ್ದು. ಪುಟಪುಟದ ಅಡಿಯಲ್ಲೂ ಯೂರಿಯಾದ ಗುಣಗಾನ.)

ಅತ್ತೆ ಮಾತ್ರ ಸುತಾರಾಂ ಒಪ್ಪುತ್ತಿರಲಿಲ್ಲ. ಹಿಂದಿನ ವಾರ ಮುಸ್ಸಂಜೆಯಲ್ಲಿ ಹಗ್ಗದ ಮೇಲೆ ಒಣಗುತ್ತಿದ್ದ ಬಿಳಿ ಪಂಚೆಯನ್ನು ನೋಡಿ, "ಯಾಕ್ ಸಿದ್ದಮಲ್ಲಪ್ಪ, ಅಲ್ಲೇ ನಿಂತ್ಕಂಡೆ? ಒಳಿಕ್ ಬಾ" ಎಂದು ಕರೆದರು. ಪಕ್ಕದ ಬೀದಿಯ ಸಿದ್ದಮಲ್ಲಪ್ಪನವರು ತೀರಿಕೊಂಡು ಎರಡು ವರ್ಷವಾಗಿತ್ತು. ಕರೆದದ್ದೇ ತಡ, ಪಂಚೆ ಮೆಲ್ಲಗೆ ಮನೆಯ ಕಡೆಗೆ ಬಾಗಿತು. ಆ ಹೊತ್ತಿನಲ್ಲಿ ಗಾಳಿ ಇರಲಿಲ್ಲ ಎಂದು ಡೈರಿಯಲ್ಲಿ ಬರೆದಿಟ್ಟಿದ್ದೇನೆ.

"ಅತ್ತೆ, ಕಣ್ಣಿಗೆ ಪೊರೆ ಬಂದಿರಬಹುದು, ಮೈಸೂರಿನಲ್ಲಿ ತೋರಿಸೋಣ" ಎಂದರೆ, "ಪೊರೆ ಬಂದಿರಾದು ನಿನ್ ಬುದ್ದಿಗೆ ಕಣಮ್ಮಿ" ಎನ್ನುತ್ತಿದ್ದರು.

ಇಂಥ ಕಣ್ಣುಗಳು ಅಣಬೆ ತರಲು ಹೊರಟವು.

ಗುರುವಾರ ಗುಡುಗಿತ್ತು. ಶುಕ್ರವಾರ ಬೆಳಿಗ್ಗೆ ಅತ್ತೆ ಕುಕ್ಕೆ ಹಿಡಿದು ಹೊಲದ ಹುತ್ತದ ಕಡೆಗೆ ನಡೆದರು. ಹೋಗುವಾಗ ಬಾಯಿ ಬಿಡಬಾರದು, ಅಣಬೆಯತ್ತ ಬೆರಳು ತೋರಿಸಬಾರದು, ತೋರಿಸಿದರೆ ಅದು ಮುನಿಸಿಕೊಂಡು ಭೂಮಿಯೊಳಕ್ಕೆ ಇಳಿದುಬಿಡುತ್ತದೆ ಎಂಬುದು ಅವರ ಶಾಸ್ತ್ರ. ಬರುವಾಗ ಕುಕ್ಕೆಯಲ್ಲಿ ಒಂಬತ್ತು ಬಿಳಿ ಕೊಡೆಗಳು, ಒಂದೊಂದೂ ನನ್ನ ನಾಲ್ಕು ವರ್ಷದ ಶೃತಿಯ ಅಂಗೈಯಷ್ಟು ಅಗಲ. ಶೃತಿ "ಸಾರು, ಸಾರು" ಎಂದು ಕುಣಿದಳು. ನಾನು ಕುಕ್ಕೆಯನ್ನು ಅವಳ ಕೈಗೆಟುಕದಂತೆ ಮೇಲಿಟ್ಟೆ.

ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಮದುವೆಯಾದವಳು. ಅಂದರೆ ಅಣಬೆಗೆ ಹೆದರುವಷ್ಟು ಓದಿದ್ದೇನೆ, ಗುರುತಿಸುವಷ್ಟು ಓದಿಲ್ಲ. ಹುತ್ತದ ಮೇಲೇಳುವ ಅಣಬೆಗೂ ತಿಪ್ಪೆಯ ಬದಿಯ ಹುಲ್ಲಿನಲ್ಲೇಳುವ ಬಿಳಿ ನಾಯಿಕೊಡೆಗೂ ಮೇಲಿನಿಂದ ನೋಡಿದರೆ ಅಕ್ಕತಂಗಿಯರ ಹೋಲಿಕೆ. ಅಕ್ಕ ಸಾರಿಗೆ, ತಂಗಿ ಆಸ್ಪತ್ರೆಗೆ. ಅತ್ತೆ ನಡೆದು ಬಂದ ದಾರಿಯಲ್ಲಿ ತಂಗಿಯರೂ ಬೇಕಾದಷ್ಟು ನಿಂತಿದ್ದರು.

"ಅತ್ತೆ, ಬೇರು ನೋಡಿ ಕಿತ್ತಿರಾ? ಹುತ್ತದ್ದಕ್ಕೆ ಉದ್ದನೆಯ ಬೇರಿರುತ್ತೆ."

"ಬೇರ್ ಕಿತ್ರೆ ಮುಂದ್ಲೊರ್ಸ ಬತ್ತದಾ? ಮುರ್ಕಂಡ್ ಬಂದಿವ್ನಿ. ನನ್ ಬೆರಳಿಗ್ ಗೊತ್ತದೆ. ಬೇಕಾದ್ರೆ ಬೆಳ್ಳುಳ್ಳಿ ಆಕಿ ಬೇಯ್ಸು, ಕರ್ರಗಾಗ್ದಿದ್ರೆ ಸೈ."

ಬೆಳ್ಳುಳ್ಳಿ ಯಾವ ವಿಷಕ್ಕೂ ಹೆದರಿ ಕಪ್ಪಾಗುವುದಿಲ್ಲ. ಕಪ್ಪಾದರೂ ಅದು ಅತ್ತೆಗೆ ಕಾಣಬೇಕಲ್ಲ?

ಮಧ್ಯಾಹ್ನಕ್ಕೆ ಹುರುಳಿಕಾಳಿನ ಸಾರು ಮಾಡಿ, ಅಣಬೆ ರಾತ್ರಿಗೆ ಎಂದು ಹೇಳಿ, ಶೃತಿಯನ್ನು ಮಲಗಿಸಿ ನಾನೇ ಹುತ್ತಕ್ಕೆ ಹೋದೆ. ಸುತ್ತ ಒಂದು ಹಕ್ಕಿಯ ಸದ್ದೂ ಇಲ್ಲ. ಹುತ್ತದ ಮೈತುಂಬ ಮುರಿದ ಮೊಟಕು ದಂಟುಗಳು. ಎಣಿಸಿದೆ, ಎಂಟು. ಒಂಬತ್ತನೆಯದು ಎಲ್ಲಿ? ಹುತ್ತದ ಬಾಯಿಯೊಳಕ್ಕೆ ಮೊಣಕೈಯವರೆಗೆ ಕೈ ಇಳಿಸಿದೆ. (ಮಗು ಹೆತ್ತವಳು ಹುತ್ತಕ್ಕೂ ಕೈ ಹಾಕುತ್ತಾಳೆ.) ಒಳಗೆ ಉಸಿರಿನ ಹಾಗೆ ಬೆಚ್ಚಗಿತ್ತು. ತಣ್ಣನೆಯದೇನೋ ಬೆರಳಿಗೆ ಸುತ್ತಿಕೊಂಡಿತು. ಕಿರುಚಿ ಎಳೆದರೆ ಬೇರು! ಗೇಣುದ್ದ ಬಂತು, ಇನ್ನೂ ಬರುತ್ತಲೇ ಇತ್ತು, ಕೆಳಗೆ ಯಾರೋ ಇನ್ನೊಂದು ತುದಿ ಹಿಡಿದು ಕೂತಿದ್ದಂತೆ. ಅಲ್ಲಿಗೇ ಬಿಟ್ಟು ಓಡಿದೆ. ಓಡುವಾಗಲೂ ಬಾಟನಿ ಬಿಡಲಿಲ್ಲ. ಹೋಲಿಸಿ ನೋಡಲೆಂದು ತಿಪ್ಪೆಯ ಬದಿಯ ತಂಗಿಯೊಬ್ಬಳನ್ನು ಕಿತ್ತುಕೊಂಡೆ.

ಕಾಲೇಜಿನಲ್ಲಿ ಮೇಡಂ ಹೇಳಿಕೊಟ್ಟಿದ್ದರು: ಕೊಡೆಯನ್ನು ಕಾಗದದ ಮೇಲಿಟ್ಟು ಮುಚ್ಚಿದರೆ ಅದರ ಪುಡಿ ಉದುರಿ ಅಚ್ಚು ಬೀಳುತ್ತದೆ. ಹುತ್ತದ್ದು ನಸುಗೆಂಪು. ತಿಪ್ಪೆಯದು ಹಸಿರು. "ಕೆಂಪು ಬಿತ್ತೆಂದು ಕಣ್ಣುಮುಚ್ಚಿ ತಿನ್ನಬೇಡಿ, ಹಸಿರು ಬಿದ್ದರಂತೂ ಮುಟ್ಟಲೇಬೇಡಿ" ಎಂದೂ ಹೇಳಿದ್ದರು. ಡೈರಿಯಿಂದ ಹತ್ತು ಪುಟ ಹರಿದೆ. (ಡಿಸೆಂಬರಿನದು. ಡಿಸೆಂಬರಿನಲ್ಲಿ ನಮ್ಮ ಮನೆಯಲ್ಲಿ ಏನೂ ನಡೆಯುವುದಿಲ್ಲ.) ರಾಗಿ ಚೀಲಗಳ ಕೋಣೆಯಲ್ಲಿ ಪುಟಕ್ಕೊಂದು ಕೊಡೆಯಿಟ್ಟು, ಅದರ ಮೇಲೆ ಬೋಗುಣಿ, ತಪ್ಪಲೆ, ಶೃತಿಯ ಹಾಲಿನ ಬಟ್ಟಲು, ಹೀಗೆ ಹತ್ತು ಪಾತ್ರೆ ಬೋರಲು ಹಾಕಿದೆ. ಗುರುತಿಗೆ ಇದ್ದಿಲಿನಲ್ಲಿ ಅಂಕಿ ಬರೆದೆ, ನನ್ನದು ಹತ್ತನೆಯದು. ಬೆಕ್ಕು ಉರುಳಿಸದಿರಲೆಂದು ಉಪ್ಪಿನಕಾಯಿಗೆ ತಂದಿದ್ದ ನಿಂಬೆಹಣ್ಣುಗಳನ್ನು ಸುತ್ತ ಒತ್ತರಿಸಿಟ್ಟೆ. ವಿಜ್ಞಾನಕ್ಕೆ ನನ್ನಿಂದಾದ ಸೇವೆ.

ದೀಪ ಹಚ್ಚುವ ಹೊತ್ತಿಗೆ ಕರೆಂಟು ಹೋಯಿತು. ಪಕ್ಕದ ಮನೆಯ ಜವರಮ್ಮ ರಾಗಿಹಿಟ್ಟು ಕೇಳಿಕೊಂಡು ಬಂದವಳು, ಅತ್ತೆಯ ಹಿಂದೆಯೇ ಸೀಮೆಎಣ್ಣೆ ಬುಡ್ಡಿ ಹಿಡಿದು ಆ ಕೋಣೆಗೆ ನುಗ್ಗಿದಳು. ಪಾತ್ರೆಯೊಂದು ಕಾಲಿಗೆ ತಗುಲಿದ ಸದ್ದು. ಆಮೇಲೆ ಕೂಗು.

"ಅಯ್ಯಯ್ಯೋ ಮುದ್ದಕ್ಕಾ! ನಿಂಬೆಅಣ್ಣು! ಚಕ್ರ!"

ನಾನು ಓಡಿದೆ. ಬುಡ್ಡಿಯ ಬೆಳಕಿನಲ್ಲಿ ನೋಡಿ ನನಗೇ ಮೈ ಜುಮ್ಮೆಂದಿತು. ಕೊಡೆ ಉರುಳಿದ ಕಾಗದದ ಮೇಲೆ ಕೂದಲಿಗಿಂತ ತೆಳುವಾದ ನೂರಾರು ಗೆರೆಗಳು, ನಡುವೆ ಒಂದು ಖಾಲಿ ಕಣ್ಣು. ಮನುಷ್ಯರ ಕೈ ಬರೆಯಲಾರದಂಥ ಚಕ್ರ.

"ಯಾವ್ ಬಣ್ಣ?" ಅತ್ತೆ ಕೇಳಿದರು.

ಜವರಮ್ಮ ಒಂದೊಂದೇ ಪಾತ್ರೆ, ಅದರಡಿಯ ಕೊಡೆ ಎತ್ತಿದಳು. "ಕೆಂಪು... ಕೆಂಪು... ಇದೂ ಕೆಂಪು..." ನಾನು ಉಸಿರು ಹಿಡಿದು ಎಣಿಸುತ್ತಿದ್ದೆ. ಒಂಬತ್ತೂ ಕೆಂಪು. "ಅಯ್ಯೋ, ಇದೊಂದು ಅಸ್ರು ಕಣಕ್ಕೋ!" ನೋಡಿದೆ. ಹತ್ತನೆಯದು, ನನ್ನದು.

ಅತ್ತೆಯ ಬೆರಳು ಒಂದೂ ತಪ್ಪಿರಲಿಲ್ಲ! ಮಗಳಿಗೆ ಸಾರು ಉಂಟು! ಸಂತೋಷ ತಡೆಯಲಾಗದೆ ನಕ್ಕುಬಿಟ್ಟೆ. ಆ ಹೊತ್ತಿನಲ್ಲಿ, ಆ ಬೆಳಕಿನಲ್ಲಿ, ಕೂದಲು ಬಿಚ್ಚಿಕೊಂಡು, ಉಗುರಿನ ತುಂಬ ಹುತ್ತದ ಮಣ್ಣಿಟ್ಟುಕೊಂಡು ನಗಬಾರದಿತ್ತು.

"ಮುದ್ದಕ್ಕ," ಜವರಮ್ಮ ಹಿಂದಕ್ಕೆ ಸರಿದಳು, "ನಿನ್ ಸೊಸೆ ನಗ್ತಾವ್ಳೆ."

"ನಾನೇ ಇಟ್ಟಿದ್ದು. ಅತ್ತೆಗೆ ಕಣ್ಣು ಮಂಜಾಗಿದೆಯಲ್ಲ, ಅದಕ್ಕೇ..."

"ಮುದ್ದಕ್ಕಂಗೆ ಕಣ್ ಮಂಜಾಗದೆ ಅಂತ ಬೀದಿಲಿ ಯಾರ್ಗೂ ಗೊತ್ತಿಲ್ಲ. ನಿಂಗೆಂಗ್ ಗೊತ್ತಾಯ್ತು? ಮಾಟ ಮಾಡ್ದೋಳ್ಗೇ ತಾನೇ ಗೊತ್ತಿರಾದು!"

ನಾನು ಬಾಟನಿ ಬಿಚ್ಚಿದೆ. "ಅಯ್ಯೋ ಅಲ್ಲ ಜವರಮ್ಮ, ಅಣಬೆ ಪುಡಿ ಉದುರಿಸುತ್ತೆ. ಕಣ್ಣಿಗೆ ಕಾಣಲ್ಲ. ಗಾಳಿಯಲ್ಲಿ ತೇಲಿಕೊಂಡು ಮನೆಮನೆಗೂ ಹೋಗುತ್ತೆ." ಜವರಮ್ಮ ಸೆರಗಿನಿಂದ ಮೂಗು ಬಾಯಿ ಎರಡನ್ನೂ ಮುಚ್ಚಿಕೊಂಡಳು.

ಅಷ್ಟರಲ್ಲಿ ಯಜಮಾನರು ಬಸ್ಸಿಳಿದು ಬಂದರು. ಎಲ್ಲವನ್ನೂ ಕೇಳಿ, ಹಸಿರು ಚಕ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ನನ್ನ ಪರವಾಗಿ ಒಂದೇ ಮಾತು ಆಡಿದರು: "ಡಿಸೆಂಬರ್ ಯಾಕೆ ಹರಿದೆ?"

ಕೊನೆಗೆ ಅತ್ತೆ ತೀರ್ಪು ಕೊಟ್ಟರು. "ಕೂಸು ಆಸೆಪಟ್ಟದೆ. ಸಾರ್ ಮಾಡು. ಮೊದ್ಲು ನೀನ್ ಉಣ್ಣು."

ಹಸಿರನ್ನು ಹೂತು, ಪಾತ್ರೆ ತಿಕ್ಕಿ, ಒಂಬತ್ತನ್ನೂ ಮಸಾಲೆ ರುಬ್ಬಿ ಬೇಯಿಸಿದೆ. ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟೆ. ಅತ್ತೆ, ಗಂಡ, ಮಗಳು, ಜವರಮ್ಮ, ನಾಲ್ವರೂ ಅರ್ಧಚಂದ್ರಾಕಾರದಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ಗೋಡೆಯ ಮೇಲೆ ಅವರ ನೆರಳುಗಳೂ ನೋಡುತ್ತಿದ್ದವು. ನುಂಗಿದ ಸದ್ದು ನನಗೇ ಕೇಳಿಸಿತು.

"ಜವರಿ, ಬುಡ್ಡಿ ಅತ್ರುಕ್ ಇಡಿ. ಮೊಕ ಅಸ್ರಾಯ್ತಾ ನೋಡಿ ಏಳು, ನಂಗ್ ಕಾಣಾಕಿಲ್ಲ."

"ಇನ್ನೂ ಗೊತ್ತಾಯ್ತಿಲ್ಲ ಕಣಕ್ಕೋ. ಇನ್ನೊಂದ್ ತುತ್ತು ತಿನ್ಲಿ."

"ಅಮ್ಮನೇ ಎಲ್ಲಾ ಖಾಲಿ ಮಾಡ್ತಾಳೆ!" ಶೃತಿ ಅಳತೊಡಗಿದಳು.

ಮೂರನೇ ತುತ್ತಿಗೂ ನಾನು ಮನುಷ್ಯಳಾಗಿಯೇ ಉಳಿದೆನೆಂದು ಜವರಮ್ಮ ಹೇಳಿದ ಮೇಲೆ ಅತ್ತೆ ಮಗನ ಕಡೆ ತಿರುಗಿದರು.

"ಲೇ ಮಾದೇವ, ನಾಳಿಕ್ಕೇ ನನ್ ಮೈಸೂರ್ಗೆ ಕರ್ಕಂಡ್ ಓಗ್ಲಾ. ಕಣ್ ಆಪ್ರೇಸನ್ ಮಾಡಿಸ್ಕಬೇಕು."

ಒಂದು ವರ್ಷದಿಂದ ನಾನು ಬೇಡಿಕೊಂಡದ್ದು! ನನ್ನ ಕಣ್ಣಲ್ಲೇ ನೀರು ಬಂತು.

"ಯಾಕವ್ವ, ಇದ್ದಕ್ಕಿದ್ದಂಗೆ?" ಎಂದರು ಯಜಮಾನರು.

"ಇನ್ನೇನ್ಲಾ? ಇಂತಾ ಸೊಸೆ ಮನೇಲಿರುವಾಗ ಕುರ್ಡಿಯಾಗ್ ಕೂತಿದ್ರೆ ಆದದಾ?"