ದೊಡ್ಡಬಸವರಾಜನ ಎದೆಯ ರಿಂಗು

ಬಳ್ಳಾರಿಯಲ್ಲಿ ಇದುವರೆಗೆ ಯಾರೂ ಮಾಡದ್ದನ್ನು ಮಾಡಿಯೇ ತೀರುತ್ತೇನೆ ಎಂದು ದೊಡ್ಡಬಸವರಾಜ ಶಪಥ ಮಾಡಿದ. ಅದಿರಿಗೆ ಚೀನಾದವರು ಮುಗಿಬಿದ್ದಿದ್ದ ಕಾಲವದು. ನಿನ್ನೆ ಬಾಡಿಗೆ ಟ್ರ್ಯಾಕ್ಟರ್ ಓಡಿಸುತ್ತಿದ್ದವನು ಇವತ್ತು ಹನ್ನೆರಡು ಲಾರಿಗಳ ಸಾಹುಕಾರ. ಆದರೆ ಉದ್ದನೆಯ ಕಾರು, ಹೆಬ್ಬೆರಳು ದಪ್ಪದ ಸರ, ನಾಯಿಗೆ ಏಸಿ ಕೋಣೆ, ಎಲ್ಲವನ್ನೂ ಬೇರೆಯವರು ಆಗಲೇ ಮಾಡಿ ಮುಗಿಸಿದ್ದರು. ಪಾಪ, ಇವನ ಪಾಲಿಗೆ ಉಳಿದದ್ದೇನು? ಗೋವಾದ ಕಡಲದಂಡೆಯಲ್ಲಿ ಒಬ್ಬ ಬಿಳಿಯ ತನ್ನ ಮೊಲೆತೊಟ್ಟಿಗೆ ರಿಂಗು ಹಾಕಿಕೊಂಡು ಬಿಸಿಲಿಗೆ ಮಲಗಿದ್ದನ್ನು ಕಂಡ. ಅಲ್ಲಿಗೆ ತೀರ್ಮಾನವಾಯಿತು. ಬಿಳಿಯನದು ಬರೀ ಉಕ್ಕು; ನಮ್ಮವನದು ಅಪ್ಪಟ ಬಂಗಾರ, ಮೇಲೊಂದು ಕೆಂಪು ಹರಳು! ಹೆಂಡತಿ ದಾಕ್ಷಾಯಣಿಗೂ ಸುಳಿವು ಕೊಡದೆ, ಹೊಸ ಮನೆಯ ಗೃಹಪ್ರವೇಶದ ದಿನ ಶಲ್ಯ ಸರಿಸಿ ಊರಿಗೇ ತೋರಿಸುವುದೆಂದು ನಿಶ್ಚಯಿಸಿದ. ಅದಕ್ಕೆ ಇನ್ನು ಒಂಬತ್ತೇ ದಿನವಿತ್ತು.

ಇಂಥದ್ದಕ್ಕೆಂದೇ ಬೆಂಗಳೂರಿನಲ್ಲಿ ಕಲಿತವರಿದ್ದಾರೆ, ಕೈಗವಸು ಹಾಕುತ್ತಾರೆ, ಪ್ರತಿಯೊಬ್ಬರಿಗೂ ಹೊಸ ಸೂಜಿ ತೆಗೆಯುತ್ತಾರೆ ಎಂದು ಗುಮಾಸ್ತ ನಯಾಜ್ ಹೇಳಿ ನೋಡಿದ. ಸಾಹುಕಾರ ನಕ್ಕುಬಿಟ್ಟ. ಕುರುಗೋಡಿನ ಅಕ್ಕಸಾಲಿಗ, ಪತ್ತಾರ ಮೂಕಪ್ಪ ಮೂರು ತಲೆಮಾರಿನ ಕಿವಿ ಚುಚ್ಚಿದವನು. ಕಿವಿಗೂ ಎದೆಗೂ ನಡುವೆ ಇರುವುದು ಒಂದು ಗೇಣು. ಅಷ್ಟರಲ್ಲಿ ಏನು ಮಹಾ ವ್ಯತ್ಯಾಸ?

ಮೂಕಪ್ಪ ಚುಚ್ಚಲು ಒಪ್ಪಿದ, ಶಾಸ್ತ್ರ ಬಿಡಲು ಮಾತ್ರ ಒಪ್ಪಲಿಲ್ಲ.

"ಸ್ವಾದರಮಾವನ ತೊಡಿ ಮ್ಯಾಲೆ ಕುಂದ್ರಿಸದ ನಾನು ಇವತ್ತಿನ ತನಕ ಯಾರಿಗೂ ಚುಚ್ಚಿಲ್ರಿ," ಎಂದ.

ಸರಿ, ಬಾದನಹಟ್ಟಿಗೆ ಕಾರು ಹೋಯಿತು. ಎಪ್ಪತ್ತು ದಾಟಿದ ಸೋದರಮಾವ ಎರ್ರಣ್ಣ ಬಂದು ಚಕ್ಕಳಮಕ್ಕಳ ಹಾಕಿ ಕುಳಿತ. ತೊಂಬತ್ತೆಂಟು ಕಿಲೋದ ಅಳಿಯ ಆ ಹಂಚಿಕಡ್ಡಿಯಂಥ ಮುದುಕನ ತೊಡೆಯೇರಿದ! ಮುದುಕ ಉಸಿರು ಬಿಗಿಹಿಡಿದು ಅಳಿಯನ ಬಾಯಿಗೆ ಬೆಲ್ಲ ತುರುಕಿದ. ಅಳಬೇಡಪ್ಪ ಎಂದು ತಲೆ ಸವರಿದ. ಮೂಕಪ್ಪ ರಿಂಗಿನ ಬಂಗಾರದ ತಂತಿಯನ್ನು ಪಂಚೆಗೆ ಒರೆಸಿ, ಎರಡು ಸಲ ಊದಿ, ಚುಚ್ಚಿಯೇಬಿಟ್ಟ. ಅಳಿಯ ಚೀರಿದ್ದು ದೂರದ ಕೆಂಚನಗುಡ್ಡದವರೆಗೆ ಕೇಳಿಸಿತಂತೆ. ಆ ಚೀರಾಟದಲ್ಲಿ ಅರ್ಧ ಪಾಲು ಮಾವನದು.

ಮೂರನೆಯ ದಿನ ತೊಟ್ಟು ಕೆಂಪಾಯಿತು. ಕಿವಿಗೆ ಮಾಡುವ ಉಪಚಾರವೆಲ್ಲ ಎದೆಗೂ ನಡೆಯಿತು: ಕೊಬ್ಬರಿಎಣ್ಣೆ, ಅರಿಶಿನ, ದಿನಾ ಬೆಳಿಗ್ಗೆ ರಿಂಗನ್ನು ಗರಗರ ತಿರುಗಿಸುವುದು. ಮೇಲೆ ಅದಿರಿನ ಕೆಂಧೂಳು ಪುಕ್ಕಟೆ. ಆರನೆಯ ದಿನಕ್ಕೆ ಎದೆ ಪೂರಿಯಂತೆ ಉಬ್ಬಿ, ಚಳಿಜ್ವರ ಬಂತು. ದಾಕ್ಷಾಯಣಿ ಕೇಳಿದ್ದಕ್ಕೆ, ಇದು ಸಿರುಗುಪ್ಪದ ಕಾಲುವೆಯ ಸೊಳ್ಳೆಗಳ ಕೆಲಸ ಎಂದು ಹೇಳಿ ಮಗ್ಗುಲು ಬದಲಿಸಿದ. ಊರಿಗೆ ತೋರಿಸದೆ ತೆಗೆಯುವುದುಂಟೇ?

ಗೃಹಪ್ರವೇಶದ ದಿನ ನೂರಾರು ಜನ ಸೇರಿದ್ದರು. ಪೂಜೆಗೆ ಬಂದಿದ್ದ ಅಯ್ಯನವರು ಹೇಳಿದಂತೆ ದೊಡ್ಡಬಸವರಾಜ ಸಾಷ್ಟಾಂಗ ಬಿದ್ದ. ಏಳುವಾಗ ಅವನ ಕೊರಳಿನ ಹೆಬ್ಬೆರಳು ದಪ್ಪದ ಸರದ ಕೊಂಡಿ ರಿಂಗಿಗೆ ಸಿಕ್ಕಿತು. ಸರ ಒಂದು ಕಡೆ ಎಳೆಯಿತು, ಸಾಹುಕಾರ ಇನ್ನೊಂದು ಕಡೆ ಎದ್ದ. ಶಲ್ಯ ಜಾರಿತು. ಊರೆಲ್ಲ ನೋಡಿತು, ಅಂದುಕೊಂಡಂತೆಯೇ! ನೋಡುತ್ತಿದ್ದಂತೆ ಸಾಹುಕಾರ ಎಚ್ಚರ ತಪ್ಪಿ ಕಳಸದ ಮೇಲೆ ಒರಗಿದ.

ಆಸ್ಪತ್ರೆಯಲ್ಲಿ ಡಾಕ್ಟರ್ ಸಾಜಿಯಾ ರಿಂಗು ಕತ್ತರಿಸಿ ತೆಗೆದು, ಬಾವು ಕೊಯ್ದು, ಕೀವನ್ನು ಬಟ್ಟಲಿಗೆ ಇಳಿಸಿದರು. ಧನುರ್ವಾಯುವಿನ ಇಂಜೆಕ್ಷನ್ ಚುಚ್ಚಿದರು. ಬರೀ ಒರೆಸಿದ ತಂತಿಯಿಂದ ಕಾಮಾಲೆ, ಏಡ್ಸ್ ಕೂಡ ಅಂಟಬಹುದು, ಆದ್ದರಿಂದ ಈಗೊಮ್ಮೆ, ಮೂರು ತಿಂಗಳ ಬಳಿಕ ಇನ್ನೊಮ್ಮೆ ರಕ್ತ ಪರೀಕ್ಷೆ ಆಗಲೇಬೇಕೆಂದು ಬರೆದುಕೊಟ್ಟರು. ದಾಕ್ಷಾಯಣಿ ರೇಷ್ಮೆ ಸೀರೆಯಲ್ಲೇ ಮಂಚದ ಪಕ್ಕ ನಿಂತಿದ್ದಳು.

"ಎಲ್ಲಾ ಸರಿಯಾಗಿ ಮಾಡಿಸಿದ್ರ ಎಷ್ಟು ದಿನಕ್ಕ ಮಾಯತಿತ್ರಿ, ಡಾಕ್ಟರಮ್ಮ?" ಎಂದು ಸಾಹುಕಾರ ಸಣ್ಣ ದನಿಯಲ್ಲಿ ಕೇಳಿದ.

"ಕಿವಿ ಅಂದ್ರ ಬರೀ ತೊಗಲು. ಇಲ್ಲಿ ಒಳಗ ನಾಳ ಅದಾವು. ಸ್ವಚ್ಛ ಸೂಜೀಲೆ ಮಾಡಿಸಿ, ದಿನಾ ಉಪ್ಪುನೀರಿಲೆ ತೊಳಕೊಂಡ್ರೂ ಒಂಬತ್ತು ತಿಂಗಳು ಬೇಕಾಗ್ತೈತ್ರಿ."

ದಾಕ್ಷಾಯಣಿ ಆಗ ಬಾಯಿ ತೆರೆದಳು.

"ಒಂಬತ್ತು ತಿಂಗಳು ನಾನೂ ಎರಡು ಸಲ ತಡಕೊಂಡೀನ್ರಿ. ಕಡೀಗೆ ಉಡಿಯಾಗ ಒಂದು ಕೂಸಾದ್ರೂ ಇತ್ತು," ಎಂದು ಕೀವಿನ ಬಟ್ಟಲನ್ನು ಗಂಡನ ಮುಖದ ಹತ್ತಿರ ಹಿಡಿದಳು. "ನಿಮಗ ಹುಟ್ಟಿದ್ದು ಇದು. ನೋಡ್ರಿ, ಯಾರ ಹೋಲಿಕಿ ಐತಿ."